ಚೀಲದ ಮೇಲಿನ ಹೆಸರು ನಂಬಬಹುದೇ?

ಕಳೆದ ಮಾರ್ಚ್‌ನಲ್ಲಿ ಕಂಪ್ಲಿಯ ನಮ್ಮ ಮಾಮು ಅವರ ಅಕ್ಕಿ ಅಂಗಡಿಯಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಪರಿಚಯದವರೊಬ್ಬರು ಪೆನ್‌ಡ್ರೈವ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ತಂದುಕೊಟ್ಟರು. ಫೈಲಿನ ಹೆಸರಿನಲ್ಲೇ ‘ಹೊಸ ವರ್ಷನ್’ ಎಂದಿತ್ತು. ‘ಬೇಟಾ, ನೀನು ಕಾಮರ್ಸ್ ಓದ್ತೀಯಲ್ಲ, ಹಾಕು’ ಎಂದರು ಮಾಮು. ಹಾಕಿದೆ. ನೋಡಿದರೆ ಅದು ಮೊದಲಿದ್ದದ್ದಕ್ಕಿಂತ ಹಳೆಯದು! ನಮ್ಮ ಲೆಕ್ಕದ ಫೈಲು ಅದರಲ್ಲಿ ತೆರೆಯಲೇ ಇಲ್ಲ. ಎರಡು ದಿನ ಕೈಯಲ್ಲಿ ಬಿಲ್ ಬರೆದೆವು. ತಪ್ಪು ನನ್ನದೇ.

ಮಾಮು ಬೈಯಲಿಲ್ಲ. ‘ಚೀಲದ ಮೇಲೆ ಸೋನಾ ಮಸೂರಿ ಅಂತ ಬರೆದಿದ್ರೆ ನಾನು ನಂಬ್ತೀನಾ? ಕೊಳವೆ ಚುಚ್ಚಿ ನಾಲ್ಕು ಕಾಳು ಅಂಗೈಗೆ ಹಾಕ್ಕೊಂಡು ನೋಡ್ತೀನಿ’ ಎಂದರಷ್ಟೇ.

ಕಂಪ್ಯೂಟರಿನಲ್ಲೂ ಅಂಥ ಕೊಳವೆ ಇದೆ ಎಂದು ಆಮೇಲೆ ಕಲಿತೆ. ಪ್ರೋಗ್ರಾಂ ಫೈಲು ಬೈನರಿ, ತೆರೆದರೆ ನಮಗೆ ಅರ್ಥವಾಗದ ಚಿಹ್ನೆಗಳು. ಆದರೂ ಅದರೊಳಗೆ ವರ್ಷನ್ ಸಂಖ್ಯೆ, ತಯಾರಕರ ಹೆಸರು ಸಾಮಾನ್ಯವಾಗಿ ಇರುತ್ತವೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಗೆಟ್-ಐಟಮ್’ ಆಜ್ಞೆಗೆ ಫೈಲಿನ ಹೆಸರು ಕೊಟ್ಟು ‘ವರ್ಷನ್‌ಇನ್ಫೋ’ ಕೇಳಿದರೆ ಅದು ಕಾಣುತ್ತದೆ. ಲಿನಕ್ಸ್‌ನಲ್ಲಿ ‘ಫೈಲ್’ ಆಜ್ಞೆ ಅದು ಯಾವ ಬಗೆಯ ಫೈಲು ಎಂದು ಹೇಳುತ್ತದೆ. ‘ಸ್ಟ್ರಿಂಗ್ಸ್’ ಆಜ್ಞೆ ಒಳಗಿರುವ ಓದಬಲ್ಲ ಅಕ್ಷರಗಳನ್ನು ಹೊರತೆಗೆಯುತ್ತದೆ. ಮುಖ್ಯವಾದ ಮಾತೆಂದರೆ, ಇವು ಪ್ರೋಗ್ರಾಂ ಅನ್ನು ಓಡಿಸದೆಯೇ ನೋಡುತ್ತವೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ 2024ರ ಮಾರ್ಚ್ 29 ಸಾಕ್ಷಿ. ಲಿನಕ್ಸ್‌ನಲ್ಲಿ ಬಳಕೆಯಾಗುವ ‘ಎಕ್ಸ್‌ಝಡ್’ ಎಂಬ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಕಳ್ಳಬಾಗಿಲು ಇದೆ ಎಂದು ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್ ಅಂದು ಜಗತ್ತಿಗೆ ತಿಳಿಸಿದರು. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿದದ್ದೇ ಅವರಿಗೆ ಸಿಕ್ಕ ಸುಳಿವು. ‘ನನ್ನಲ್ಲಿರುವುದು ಯಾವ ವರ್ಷನ್?’ ಎಂಬುದೇ ಆಗ ಎಲ್ಲರ ಪ್ರಶ್ನೆ. ಅನುಮಾನವಿರುವ ಪ್ರೋಗ್ರಾಂ ಅನ್ನೇ ಓಡಿಸಿ ಅದನ್ನು ಕೇಳುವುದು ಜಾಣತನವಲ್ಲ.

ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಸಾಲದೇ ಎಂದು ಗೆಳೆಯರು ಕೇಳುತ್ತಾರೆ. ವಿಂಡೋಸ್‌ನ ಒಂದು ಫೈಲಿಗೆ ಸಾಕು. ನೂರು ಫೈಲುಗಳಿದ್ದರೆ? ಆಜ್ಞೆಯಾದರೆ ಒಂದೇ ಸಾಲು. ಒಳಗಿನ ಸಂಖ್ಯೆಯನ್ನೂ ಸುಳ್ಳು ಬರೆಯಬಹುದು, ನಿಜ. ಅದಕ್ಕೇ ಡಿಜಿಟಲ್ ಸಹಿಯನ್ನೂ ನೋಡಬೇಕು.

ಅಕೌಂಟೆನ್ಸಿಯಲ್ಲಿ ನಾವು ಕಲಿಯುವುದೂ ಇದನ್ನೇ. ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಪುಸ್ತಕದಲ್ಲಿ ಏನೇ ಇರಲಿ, ಗೋದಾಮಿಗೆ ಹೋಗಿ ಸರಕು ಎಣಿಸಬೇಕು. ನಾಳೆ ಹೊಸಪೇಟೆಯ ಅಂಗಡಿಯಲ್ಲೋ ಸಂಡೂರಿನ ಗಣಿ ಕಚೇರಿಯಲ್ಲೋ ಲೆಕ್ಕ ಬರೆಯುವವರು ನಾವೇ. ಆದ್ದರಿಂದ ಪ್ರಾಂಶುಪಾಲರಲ್ಲಿ ನನ್ನ ವಿನಂತಿ: ನಮ್ಮ ಲ್ಯಾಬ್‌ನಲ್ಲಿ ಇದಕ್ಕೆ ಒಂದೇ ಒಂದು ಪೀರಿಯಡ್ ಕೊಡಿ, ಕಾಮರ್ಸ್‌ನವರಿಗೂ. ಆ ಪೆನ್‌ಡ್ರೈವ್ ಇನ್ನೂ ನನ್ನ ಹತ್ತಿರವೇ ಇದೆ. ಮೊದಲ ಪಾಠಕ್ಕೆ ಅದನ್ನೇ ತರುತ್ತೇನೆ.