ಈ ಮುಖಕ್ಕೆ ಮಸೂರ್ ದಾಲ್?

ಉರ್ದುವಿನಲ್ಲಿ ಬೇಳೆಯ ಕುರಿತು ಎರಡು ಗಾದೆಗಳಿವೆ. 'ಯೆ ಮೂಂಹ್ ಔರ್ ಮಸೂರ್ ಕೀ ದಾಲ್' ಎಂಬುದು ಯೋಗ್ಯತೆ ಮೀರಿ ಬಯಸಿದವನನ್ನು ಹಂಗಿಸುವ ಮಾತು. 'ಘರ್ ಕೀ ಮುರ್ಗೀ ದಾಲ್ ಬರಾಬರ್' ಎಂದರೆ ಮನೆಯ ಕೋಳಿ ಬೇಳೆಯಷ್ಟೇ ಅಗ್ಗ ಎಂದು. ಒಂದರಲ್ಲಿ ಬೇಳೆ ಸಿರಿವಂತರ ತಟ್ಟೆಯದು, ಇನ್ನೊಂದರಲ್ಲಿ ಕಿಮ್ಮತ್ತಿಲ್ಲದ್ದು. ಬೀದರ್ ಸೀಮೆಯವರಾದ ನಮಗೆ ಈಗ ಎರಡೂ ಒಟ್ಟಿಗೇ ಅನ್ವಯಿಸುತ್ತಿವೆ. ಕಿರಾಣಿ ಅಂಗಡಿಯ ಮುಂದೆ ನಿಂತಾಗ ಮೊದಲನೆಯದು, ಅಡತಿ ಅಂಗಡಿಗೆ ಚೀಲ ಒಯ್ದಾಗ ಎರಡನೆಯದು.

ನಮ್ಮಲ್ಲಿ ಬೇಳೆ ಎಂದರೆ ಮಸೂರ್ ಅಲ್ಲ, ತೊಗರಿ. ಮಳೆಗಾಲದಲ್ಲಿ ಬೀದರ್‌ನಿಂದ ಭಾಲ್ಕಿ ಕಡೆಗೆ ಹೊರಟು ಹಲಬರ್ಗಾ ಸುತ್ತಿನ ಹೊಲಗಳನ್ನು ನೋಡಿ. ತೊಗರಿ, ಉದ್ದು, ಹೆಸರು ಇನ್ನೂ ಇವೆ, ಆದರೆ ಕಣ್ಣು ತುಂಬುವುದು ಸೋಯಾ. ಹಿಂದೆ ಜೋಳದ ನಡುವೆ, ಹೆಸರಿನ ನಡುವೆ ತೊಗರಿಯ ಅಕ್ಕಡಿ ಸಾಲು ಇರುತ್ತಿತ್ತು. ಹೆಸರು ಎಪ್ಪತ್ತು ದಿನಕ್ಕೆ ಕೈಗೆ ಬಂದರೆ ತೊಗರಿ ಐದಾರು ತಿಂಗಳು ನಿಂತು, ಆಳಕ್ಕೆ ಬೇರು ಇಳಿಸಿ, ಎಲೆ ಉದುರಿಸಿ ನೆಲಕ್ಕೇ ಉಣಿಸುತ್ತಿತ್ತು. ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ, ಬೇಳೆ ಮನೆಗೆ. ಸೋಯಾ ನೂರು ದಿನದಲ್ಲಿ ಮುಗಿದು ಎಣ್ಣೆ ಗಿರಣಿಗೆ ಹೋಗುತ್ತದೆ, ಅದರ ಹಿಂಡಿ ಕೋಳಿಫಾರಂಗೆ. ಬೆಳೆದವನ ಗಡಿಗೆಗೆ ಅದು ಬರುವುದೇ ಇಲ್ಲ.

ರೈತನಿಗೆ ದುರಾಸೆ ಎಂದು ಬಾಯಿ ಬಿಡುವ ಮೊದಲು ಲೆಕ್ಕ ನೋಡಬೇಕು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಬೆಲೆ ಕಂಡ ರೈತ ಮರುವರ್ಷ ಹೊಲ ತುಂಬ ತೊಗರಿ ಬಿತ್ತಿದ. ಅದೇ 2016ರಲ್ಲಿ, ವಿಶ್ವಸಂಸ್ಥೆ ಬೇಳೆಕಾಳುಗಳ ವರ್ಷವೆಂದು ಸಾರಿದ್ದ ವರ್ಷದಲ್ಲಿ, ಕೇಂದ್ರ ಸರ್ಕಾರ ಮೊಜಾಂಬಿಕ್‌ನಿಂದ ತೊಗರಿ ತರಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಇಲ್ಲಿ ರಾಶಿ ಆಗುವ ಹೊತ್ತಿಗೆ ಪೇಟೆ ಕುಸಿದು, ಬೋನಸ್ ಸೇರಿ 5050 ರೂಪಾಯಿ ಎಂದಿದ್ದ ಬೆಂಬಲ ಬೆಲೆ ಕಾಗದದಲ್ಲೇ ಉಳಿಯಿತು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಬಾಗಿಲು ಪೂರ್ತಿ ತೆರೆಯಿತು. 2022-23ರಲ್ಲಿ ನೆಟೆ ರೋಗ ನಿಂತ ಗಿಡವನ್ನೇ ಒಣಗಿಸಿತು. 2025ರ ಆರಂಭದಲ್ಲಿ ಮತ್ತೆ ಪೇಟೆಯ ದರ 7550ರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಖರೀದಿ ಕೇಂದ್ರದ ಬಾಗಿಲಲ್ಲಿ ವಾರಗಟ್ಟಲೆ ಕಾಯುವ ತ್ರಾಣ ಸಾಲ ತಂದು ಬಿತ್ತಿದವನಿಗೆ ಎಲ್ಲಿಂದ ಬರಬೇಕು?

ಕೊಳ್ಳುವವನ ಕಥೆ ಇದಕ್ಕಿಂತ ಹಳೆಯದು. 1951ರಲ್ಲಿ ಈ ದೇಶದಲ್ಲಿ ತಲೆಗೆ ದಿನಕ್ಕೆ 60.7 ಗ್ರಾಂ ಬೇಳೆಕಾಳು ಲಭ್ಯವಿತ್ತು. 2000ದ ಹೊತ್ತಿಗೆ ಅದು 32 ಗ್ರಾಂಗೆ ಇಳಿದಿತ್ತು. ಆಮೇಲೆ ತುಸು ಏರಿತೆನ್ನಿ. ಆದರೆ ಈ ಸರಾಸರಿಯೊಳಗೆ ಕೂಲಿಯವನ ಪಾಲು ಎಷ್ಟೆಂದು ತಿಳಿಯಲು ಅವನ ಸಾರಿನ ತೆಳುವನ್ನು ನೋಡಿದರೆ ಸಾಕು.

ಇಂಥ ಬೇಳೆಯನ್ನು ನಾವು ಜಗಳಕ್ಕೆ ಮಾತ್ರ ನೆನೆಯುತ್ತೇವೆ! 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ಬೀದಿಗಿಳಿದರು. ಮೊಟ್ಟೆ ಬೇಡ, ಕಾಳು ಕೊಡಿ ಎಂದರು. ಕಾಳಿನ ಮೇಲೆ ಅಷ್ಟು ಪ್ರೀತಿಯಿದ್ದವರು ಕಾಳಿನ ಬೆಲೆ ಬಿದ್ದಾಗ ಯಾವ ಬೀದಿಗಿಳಿದಿದ್ದರು? ಮಗುವಿನ ತಟ್ಟೆಯಲ್ಲಿ ಮೊಟ್ಟೆಯೂ ಇರಲಿ, ಗಟ್ಟಿ ಬೇಳೆಯೂ ಇರಲಿ. ಎರಡಕ್ಕೂ ಹಗೆ ಹಚ್ಚುವುದೇಕೆ?

ನಮ್ಮವರೂ ಕಡಿಮೆಯಿಲ್ಲ. ಅತಿಥಿಯ ಮುಂದೆ ಬರೀ ದಾಲ್ ಇಟ್ಟರೆ ಮಾನ ಹೋಯಿತೆಂದುಕೊಳ್ಳುವ ಮನೆಗಳೆಷ್ಟಿಲ್ಲ! ಅದೇ ಮನೆಯ ಶಾದಿಯಲ್ಲಿ ಬಗಾರಾ ಖಾನಾಕ್ಕೆ ದಾಲ್ಚಾ ಇಲ್ಲದಿದ್ದರೆ ಬೀಗರು ಮುಖ ಸೊಟ್ಟ ಮಾಡುತ್ತಾರೆ. ಹಲೀಮಿನೊಳಗೆ ಮಾಂಸದೊಂದಿಗೆ ಗೋಧಿ, ಬೇಳೆ ಕರಗಿರುವುದನ್ನು ಮರೆತೇ ಸವಿಯುತ್ತೇವೆ. ಮಾಂಸದವರು, ಬೇಳೆಯವರು ಎಂದು ಜನರನ್ನು ಎರಡು ಪಂಗಡ ಮಾಡುವವರು ಎಳ್ಳ ಅಮಾವಾಸ್ಯೆಯ ದಿನ ನಮ್ಮ ಸೀಮೆಯ ಹೊಲಕ್ಕೊಮ್ಮೆ ಬರಬೇಕು. ಹಸಿ ತೊಗರಿ, ಹಸಿ ಕಡಲೆ, ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಜೊತೆಗೆ ರೊಟ್ಟಿ, ಅಂಬಲಿ. ಪೂಜೆ ಹೊಲದವರದು, ಊಟ ಕರೆದವರೆಲ್ಲರದು. ಆ ಸಾಲಿನಲ್ಲಿ ನಾವೂ ಕೂತು ಉಂಡವರು. ಹೊಲದಲ್ಲಿ ಸೋಯಾ ಒಂದೇ ಉಳಿದರೆ ಆ ಭಜ್ಜಿಗೆ ಕಾಳನ್ನು ಅಂಗಡಿಯಿಂದ ತರಬೇಕಾಗುತ್ತದೆ. ಈಗಾಗಲೇ ತರುವವರಿದ್ದಾರೆ.

2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟವು ಪಡಿತರದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿತು. ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಾಗಾಗಿ ಈ ತೀರ್ಮಾನವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಆ ಬೇಳೆ ಯಾರ ಹೊಲದ್ದು? ಕಡಿಮೆ ದರದ ಟೆಂಡರಿನಲ್ಲಿ ಹಡಗಿನಿಂದ ಇಳಿದ ತೊಗರಿ ಹೊಕ್ಕರೆ ಔರಾದ್‌ನ ಕೂಲಿಯವನು ಬರ್ಮಾದ ಬೇಳೆ ಉಣ್ಣುತ್ತಾನೆ, ಅವನಿಗೆ ಕೂಲಿ ಕೊಡಬೇಕಾದ ರೈತ ಪಕ್ಕದಲ್ಲೇ ತೊಗರಿ ಕಿತ್ತು ಸೋಯಾ ಬಿತ್ತುತ್ತಾನೆ. ಕಿಟ್ಟಿನ ಬೇಳೆಯನ್ನು ಬೀದರ್, ಕಲಬುರಗಿಯ ರೈತರಿಂದಲೇ, ಬೆಂಬಲ ಬೆಲೆಗೆ ಕಡಿಮೆಯಾಗದಂತೆ ಕೊಳ್ಳುವುದಾಗಿ ಸರ್ಕಾರ ಬರೆದುಕೊಡಲಿ. ಖರೀದಿ ಕೇಂದ್ರಗಳು ರಾಶಿಗೆ ಮೊದಲೇ ತೆರೆಯಲಿ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಾಗ ಫೋಟೋಕ್ಕೆ ನಿಂತವರು, ಓಟು ಕೇಳಲು ಹಲಬರ್ಗಾಕ್ಕೆ ಬರುವಾಗ ಇದಕ್ಕೆ ಉತ್ತರವನ್ನೂ ತರಲಿ.