ಕ್ರೋಟನ್ ಎಲೆ ಮತ್ತು ಭಾವನವರ ಸ್ಕ್ಯಾನ್

ಮೂವತ್ತೆರಡು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು ನಾನು. ಪ್ರಶ್ನೆ ಕೇಳದವನಿಗೆ ವಿಜ್ಞಾನ ಒಲಿಯುವುದಿಲ್ಲವೆಂದು ಮಕ್ಕಳಿಗೆ ಹೇಳುತ್ತ ಬಂದವನು. ಆದರೆ ಪ್ರಶ್ನೆ ಕೇಳಲೇಬೇಕಾಗಿದ್ದ ಒಂದು ಗಳಿಗೆಯಲ್ಲಿ ನಾನು ಏನನ್ನೂ ಕೇಳದೆ ನೇರವಾಗಿ ತೀರ್ಪು ಕೊಟ್ಟುಬಿಟ್ಟೆ. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕೂ, ಅದರಿಂದ ಕಲಿತದ್ದನ್ನು ಓದುಗ ಮಿತ್ರರ ಮುಂದಿಡುವುದಕ್ಕೂ ಈ ಬರಹ.

ನನ್ನ ಅಕ್ಕನ ಯಜಮಾನರಿಗೆ 2021ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯಾಯಿತು, ಔಷಧೋಪಚಾರವೂ ಆಯಿತು. ಭಾವನವರು ಮೊದಲಿನಂತೆ ತೋಟಕ್ಕೆ ಹೋಗಿಬರತೊಡಗಿದರು. ಮರುವರ್ಷ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಪಿತ್ತಜನಕಾಂಗದ ಬಲಭಾಗದಲ್ಲಿ ಎರಡು ಚುಕ್ಕೆಗಳು ಕಂಡವು. ಅವನ್ನು ಕತ್ತರಿಸಿ ತೆಗೆಯಬಹುದು ಎಂದು ವೈದ್ಯರು ಧೈರ್ಯ ಹೇಳಿ ದಿನವನ್ನೂ ಗೊತ್ತುಮಾಡಿದರು. ಜೊತೆಗೆ, ‘ಅದಕ್ಕೆ ಮೊದಲು ಕಾಂಟ್ರಾಸ್ಟ್ ಕೊಟ್ಟು ಒಂದು ಎಂ.ಆರ್.ಐ. ಮಾಡಿಸಿದರೆ ಒಳ್ಳೆಯದು’ ಎಂದು ಚೀಟಿ ಬರೆದುಕೊಟ್ಟರು. ಏಕೆ ಎಂದು ವಿವರಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಕೇಳಲು ನಮ್ಮವರಿಗೆ ಬಾಯಿ ಬರಲಿಲ್ಲ.

ಅಕ್ಕನ ಮಗ ಆ ಚೀಟಿ ಹಿಡಿದು ನನ್ನ ಬಳಿಗೆ ಬಂದ. ‘ಮಾವ, ಏನು ಮಾಡೋಣ?’ ಎಂದ. ನಾನು ಕನ್ನಡಕ ಏರಿಸಿ ಓದಿ, ‘ಈಗಷ್ಟೇ ಸಿ.ಟಿ. ಆಗಿದೆಯಲ್ಲಪ್ಪ. ಅದೇ ಹೊಟ್ಟೆಗೆ ಇನ್ನೊಂದು ಚಿತ್ರ ಯಾಕೆ? ಇದೆಲ್ಲ ಹಣ ಕೀಳುವ ದಾರಿ’ ಎಂದೆ. ಮನೆಯಲ್ಲಿ ಓದಿದವನು ನಾನೊಬ್ಬನೇ ಎಂಬ ಗೌರವ ಅವರಿಗೆ. ನನ್ನ ಮಾತು ನಡೆಯಿತು. ಶಸ್ತ್ರಚಿಕಿತ್ಸೆ ಸಾಂಗವಾಗಿ ಮುಗಿಯಿತು. ಐದು ತಿಂಗಳಲ್ಲಿ ಎಡಭಾಗದಲ್ಲಿ ಮೂರು ಹೊಸ ಚುಕ್ಕೆಗಳು ಕಂಡವು. 2023ರ ಕೊನೆಯಲ್ಲಿ ಭಾವನವರು ತೀರಿಕೊಂಡರು.

ಆ ಮೂರು ಚುಕ್ಕೆಗಳು ಮೊದಲೇ ಇದ್ದವೋ, ಆಮೇಲೆ ಹುಟ್ಟಿದವೋ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಮೊದಲೇ ತಿಳಿದಿದ್ದರೆ ಭಾವನವರು ಉಳಿಯುತ್ತಿದ್ದರು ಎಂದೂ ನಾನು ಹೇಳುವುದಿಲ್ಲ. ಆದರೆ ತಿಳಿಯುವ ಒಂದು ದಾರಿ ಇತ್ತು, ಅದನ್ನು ಮುಚ್ಚಿದವನು ನಾನು. ಅಕ್ಕ ಈವರೆಗೆ ನನ್ನನ್ನು ಒಂದು ಮಾತೂ ಆಡಿಲ್ಲ. ಆಡಿದ್ದರೆ ಮನಸ್ಸು ಹಗುರವಾಗುತ್ತಿತ್ತೇನೋ.

ಕಳೆದ ವರ್ಷ ಒಂದು ಮದುವೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. ಈಗ ಆಕೆ ಸ್ಕ್ಯಾನ್ ಚಿತ್ರಗಳನ್ನು ಓದುವ ವೈದ್ಯೆ. ಊಟವಾದ ಮೇಲೆ ಅವಳೊಡನೆ ಕುಳಿತು ನಡೆದದ್ದೆಲ್ಲವನ್ನೂ ಹೇಳಿ, ‘ಆ ಎರಡನೆಯ ಚಿತ್ರದಲ್ಲಿ ಅಂಥದ್ದೇನಿರುತ್ತದಮ್ಮ?’ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರ್, ನೀವು ಕ್ರೋಟನ್ ಎಲೆಯ ಪ್ರಯೋಗ ಮಾಡಿಸುತ್ತಿದ್ದಿರಲ್ಲ, ಅದೇ ಇದು’ ಎಂದಳು.

ಆ ಪ್ರಯೋಗ ಅನೇಕರಿಗೆ ನೆನಪಿರಬಹುದು. ಕುಂಡದಲ್ಲಿನ ಕ್ರೋಟನ್ ಗಿಡವನ್ನು ಕೆಲವು ದಿನ ಕತ್ತಲಲ್ಲಿಟ್ಟು, ಅನಂತರ ಬಿಸಿಲಿಗಿಟ್ಟು, ಒಂದು ಎಲೆಯನ್ನು ಕೀಳುತ್ತಿದ್ದೆವು. ಎಲ್ಲೆಲ್ಲಿ ಹಸಿರು, ಎಲ್ಲೆಲ್ಲಿ ಬಿಳಿ ಎಂದು ಕಾಗದದ ಮೇಲೆ ನಕ್ಷೆ ಬರೆದುಕೊಂಡು, ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ಬಣ್ಣ ತೆಗೆದು, ಅಯೋಡಿನ್ ದ್ರಾವಣ ಹಾಕುತ್ತಿದ್ದೆವು. ಹಸಿರಿದ್ದ ಭಾಗ ಕಡುನೀಲಿಯಾಗುತ್ತಿತ್ತು, ಬಿಳಿಯಿದ್ದ ಭಾಗ ಹಾಗೆಯೇ ಉಳಿಯುತ್ತಿತ್ತು. ಪಿಷ್ಟ ತಯಾರಿಸುವ ಕೆಲಸ ಎಲ್ಲಿ ನಡೆದಿಲ್ಲವೋ ಅಲ್ಲಿ ಬಣ್ಣವಿಲ್ಲ.

ಪಿತ್ತಜನಕಾಂಗಕ್ಕೆ ರಕ್ತ ಬರುವುದು ಎರಡು ದಾರಿಗಳಿಂದ. ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಪೋರ್ಟಲ್ ಅಭಿಧಮನಿಯು ಕರುಳು ಮೊದಲಾದ ಅಂಗಗಳಿಂದ ತರುತ್ತದೆ. ಉಳಿದದ್ದು ಅಪಧಮನಿಯಿಂದ ಬರುತ್ತದೆ. ಕರುಳಿನ ಕ್ಯಾನ್ಸರ್ ಕಣಗಳು ಬಿಡಿಸಿಕೊಂಡು ಹೊರಟರೆ ಮೊದಲು ಸಿಗುವ ದೊಡ್ಡ ತಂಗುದಾಣ ಇದೇ ಆಗಿರುವುದಕ್ಕೆ ಇದು ಕಾರಣ. ಅಲ್ಲಿ ಬೇರೂರಿದ ಗಡ್ಡೆ ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದರೆ ಸಿ.ಟಿ.ಯ ಕಣ್ಣಿಗೆ ಎಷ್ಟೋ ವೇಳೆ ಬೀಳುವುದಿಲ್ಲ.

ಎಂ.ಆರ್.ಐ. ಯಂತ್ರ ಕ್ಷ-ಕಿರಣ ಬಳಸುವುದಿಲ್ಲ. ಬಲವಾದ ಕಾಂತಕ್ಷೇತ್ರದಲ್ಲಿ ದೇಹದ ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ರೇಡಿಯೋ ತರಂಗಗಳಿಗೆ ಕೊಡುವ ಉತ್ತರವನ್ನು ಆಲಿಸಿ ಚಿತ್ರ ಬರೆಯುತ್ತದೆ. ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿಗಳಿಗೆ 2003ರ ನೊಬೆಲ್ ದೊರೆತದ್ದು ಈ ವಿದ್ಯೆಗಾಗಿ. ರಕ್ತನಾಳದ ಮೂಲಕ ಕೊಡುವ ಕಾಂಟ್ರಾಸ್ಟ್ ದ್ರವದಲ್ಲಿ ಇರುವುದು ಗ್ಯಾಡೊಲಿನಿಯಮ್, ಪರಮಾಣು ಸಂಖ್ಯೆ 64. ಜೊತೆಯಿಲ್ಲದ ಏಳು ಎಲೆಕ್ಟ್ರಾನುಗಳಿರುವ ಈ ಲೋಹ ತಾನಿರುವ ಕಡೆಯ ನೀರಿನ ಸಂಕೇತವನ್ನು ಬೆಳಗಿಸುತ್ತದೆ. ಬಿಡಿಯಾಗಿ ಅದು ವಿಷ. ಆದ್ದರಿಂದ ಇನ್ನೊಂದು ಅಣುವಿನೊಳಗೆ ಬಿಗಿಯಾಗಿ ಬಂಧಿಸಿ ಕೊಡುತ್ತಾರೆ.

ಅಂಥ ಔಷಧಗಳಲ್ಲಿ ಗ್ಯಾಡಾಕ್ಸೆಟಿಕ್ ಆಮ್ಲ ಎಂಬುದೊಂದು. ಆರೋಗ್ಯವಂತ ಪಿತ್ತಜನಕಾಂಗದ ಕೋಶಗಳು ಅದರ ಅರ್ಧದಷ್ಟನ್ನು ಹೀರಿಕೊಂಡು ಪಿತ್ತರಸದೊಡನೆ ಹೊರಹಾಕುತ್ತವೆ, ಉಳಿದರ್ಧ ಮೂತ್ರಪಿಂಡಗಳ ಪಾಲು. ಚುಚ್ಚಿದ ಸುಮಾರು ಇಪ್ಪತ್ತು ನಿಮಿಷಗಳ ನಂತರ ತೆಗೆದ ಚಿತ್ರದಲ್ಲಿ ಪಿತ್ತಜನಕಾಂಗವೆಲ್ಲ ಬೆಳ್ಳಗೆ ಬೆಳಗುತ್ತದೆ. ಕರುಳಿನಿಂದ ವಲಸೆ ಬಂದ ಗಡ್ಡೆಯಲ್ಲಿ ಆ ಕೋಶಗಳೇ ಇಲ್ಲ. ಹಾಗಾಗಿ ಅದು ಕಪ್ಪು ಚುಕ್ಕೆಯಾಗಿ ನಿಲ್ಲುತ್ತದೆ. ಕ್ರೋಟನ್ ಎಲೆಯಲ್ಲಿ ಬಣ್ಣವೇರದ ಭಾಗದಂತೆ! ನೀರು ತುಂಬಿದ ನಿರುಪದ್ರವಿ ಗುಳ್ಳೆಯೂ ಹಾಗೆಯೇ ಕಪ್ಪಾಗಿ ಕಾಣಬಹುದು. ಅದಕ್ಕಾಗಿಯೇ ಬೇರೆ ಬೇರೆ ಬಗೆಯ ಚಿತ್ರಗಳನ್ನು ಒಟ್ಟಿಗಿಟ್ಟು ಓದುತ್ತಾರೆ.

ಇದರಿಂದ ಪ್ರಯೋಜನವೆಷ್ಟು? ನೆದರ್ಲೆಂಡ್ಸ್, ಬೆಲ್ಜಿಯಂ, ನಾರ್ವೆ, ಇಟಲಿಗಳ ಆಸ್ಪತ್ರೆಗಳಲ್ಲಿ ‘ಕ್ಯಾಮಿನೋ’ ಎಂಬ ಅಧ್ಯಯನ ನಡೆಯಿತು. ಅದರ ಫಲಿತಾಂಶ 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರುಳಿನ ಕ್ಯಾನ್ಸರ್ ಪಿತ್ತಜನಕಾಂಗಕ್ಕೆ ಹರಡಿ, ಸಿ.ಟಿ. ನೋಡಿ ಚಿಕಿತ್ಸೆ ಗೊತ್ತುಮಾಡಿದ್ದ 298 ರೋಗಿಗಳಿಗೆ ಕಾಂಟ್ರಾಸ್ಟ್ ಎಂ.ಆರ್.ಐ. ಮಾಡಿ ನೋಡಿದರು. ಅವರಲ್ಲಿ 92 ಮಂದಿಯ ಚಿಕಿತ್ಸಾಯೋಜನೆಯೇ ಬದಲಾಯಿತು. ಕೆಲವರಿಗೆ ಹೆಚ್ಚಿನ ಶಸ್ತ್ರಚಿಕಿತ್ಸೆ ಬೇಕೆಂದಾಯಿತು, ಕೆಲವರಿಗೆ ಕಡಿಮೆ ಸಾಕೆಂದಾಯಿತು. ಇನ್ನು ಕೆಲವರಿಗೆ, ರೋಗ ಆಗಲೇ ಕೈಮೀರಿ ಹರಡಿದ್ದರಿಂದಲೋ, ಕಂಡ ಚುಕ್ಕೆ ಕ್ಯಾನ್ಸರೇ ಅಲ್ಲವಾದ್ದರಿಂದಲೋ, ಆ ಚಿಕಿತ್ಸೆಯನ್ನೇ ಕೈಬಿಟ್ಟರು. ಆಯುಷ್ಯ ಹೆಚ್ಚಿತೇ ಎಂಬುದು ಆ ಅಧ್ಯಯನದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಆದರೂ ಮೂವರಲ್ಲಿ ಒಬ್ಬರ ದಾರಿಯನ್ನು ಬದಲಿಸುವ ಚಿತ್ರವನ್ನು ‘ಹಣ ಕೀಳುವ ದಾರಿ’ ಎಂದು ತಳ್ಳಿಹಾಕುವುದು ಜಾಣತನವಲ್ಲ.

ಹಾಗೆಂದು, ಕ್ಯಾನ್ಸರ್ ಎಂದ ಕೂಡಲೇ ಎಲ್ಲರೂ ಈ ಯಂತ್ರದೊಳಗೆ ಮಲಗಬೇಕೆಂಬುದು ನನ್ನ ವಾದವಲ್ಲ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ರೋಗ ಶ್ವಾಸಕೋಶಕ್ಕೂ ಮೂಳೆಗೂ ಹರಡಿತ್ತು, ಶಸ್ತ್ರಚಿಕಿತ್ಸೆಯ ಮಾತೇ ಇರಲಿಲ್ಲ. ಆದರೂ ಮಕ್ಕಳು ಸಾಲ ಮಾಡಿ ಸ್ಕ್ಯಾನಿನ ಮೇಲೆ ಸ್ಕ್ಯಾನ್ ಮಾಡಿಸಿದರು. ಪಿತ್ತಜನಕಾಂಗದಲ್ಲಿ ಚುಕ್ಕೆ ಮೂರಾದರೇನು, ಆರಾದರೇನು, ಕೊಡುವ ಔಷಧಿ ಅದೇ. ಆ ಹಣ ಅವರ ನೋವು ಶಮನಕ್ಕೂ ಆರೈಕೆಗೂ ಒದಗಬೇಕಿತ್ತು.

ಈ ಎರಡು ಮನೆಗಳ ಕಥೆಯಿಂದ ನನಗೆ ಹೊಳೆದದ್ದು ಇಷ್ಟು: ವೈದ್ಯರ ಮುಂದೆ ಕೇಳಬೇಕಾದ ಪ್ರಶ್ನೆ ‘ಇದಕ್ಕೆಷ್ಟಾಗುತ್ತದೆ?’ ಎಂಬುದೊಂದೇ ಅಲ್ಲ. ‘ಈ ಚಿತ್ರದಲ್ಲಿ ಹೊಸದೇನಾದರೂ ಕಂಡರೆ ನೀವು ಮಾಡುವ ಚಿಕಿತ್ಸೆ ಬದಲಾಗುತ್ತದೆಯೇ?’ ಎಂದು ಕೇಳಬೇಕು. ಬದಲಾಗುತ್ತದೆ ಎಂದರೆ ಹೊಂದಿಸಿಕೊಂಡಾದರೂ ಮಾಡಿಸಬೇಕು. ಬದಲಾಗುವುದಿಲ್ಲ ಎಂದರೆ ಕೈಮುಗಿದು ಮನೆಗೆ ಬರಬಹುದು. ಪಿತ್ತಜನಕಾಂಗದಲ್ಲಿ ಕತ್ತಿ ಆಡಿಸುವ ಮೊದಲು ಈ ಪ್ರಶ್ನೆಗೆ ಬಹುಪಾಲು ಬರುವ ಉತ್ತರ ‘ಹೌದು’.

ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಮೂತ್ರಪಿಂಡ ತೀರ ದುರ್ಬಲವಾದವರಲ್ಲಿ ಕೆಲವು ಗ್ಯಾಡೊಲಿನಿಯಮ್ ಔಷಧಗಳಿಂದ ಚರ್ಮ ಗಡುಸಾಗುವ ಗಂಭೀರ ಕಾಯಿಲೆ ಬರುವುದು 2006ರಲ್ಲಿ ಬೆಳಕಿಗೆ ಬಂತು. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ಚೂರು ಇದ್ದರೂ ತಿಳಿಸಬೇಕು. ಒಳಗೆ ಮಲಗಿದಾಗ ಹೇಳಿದಷ್ಟು ಹೊತ್ತು ಉಸಿರು ಬಿಗಿಹಿಡಿಯಬೇಕು, ಇಲ್ಲವಾದರೆ ಚಿತ್ರ ಕಲಸಿಹೋಗುತ್ತದೆ.

ವೈದ್ಯ ಮಹನೀಯರಲ್ಲಿಯೂ ಒಂದು ವಿನಂತಿ. ನಾನು ಮಾಡಿದ್ದು ತಪ್ಪೇ. ಆದರೆ ಆ ದಿನ ಚೀಟಿಯ ಜೊತೆಗೆ, ‘ಸಿ.ಟಿ.ಗೆ ಕಾಣದ ಚಿಕ್ಕ ಗಡ್ಡೆಗಳು ಇದರಲ್ಲಿ ಕಾಣಬಹುದು, ಕಂಡರೆ ನಾವು ಆಪರೇಷನ್ನನ್ನು ಬೇರೆ ರೀತಿ ಮಾಡುತ್ತೇವೆ’ ಎಂದು ಕನ್ನಡದಲ್ಲಿ ಒಂದು ವಾಕ್ಯ ಹೇಳಿದ್ದರೆ, ಅಕ್ಕನ ಮಗ ನನ್ನ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಕಾರಣ ಹೇಳದ ಸಲಹೆ ಬಡವರ ಮನೆಯಲ್ಲಿ ಅನುಮಾನವಾಗುತ್ತದೆ. ಆ ಅನುಮಾನಕ್ಕೆ ನನ್ನಂಥ ಅರೆತಿಳಿವಿನ ಹಿರಿಯರು ಗೊಬ್ಬರ ಹಾಕುತ್ತೇವೆ.

ವರ್ಷವರ್ಷವೂ ಮಕ್ಕಳಿಗೆ ಎಲೆಯನ್ನು ಕುದಿಸುವ ಮೊದಲು ನಕ್ಷೆ ಬರೆದುಕೊಳ್ಳಿ ಎಂದು ಗದರುತ್ತಿದ್ದೆ. ನಕ್ಷೆಯಿಲ್ಲದೆ ಕೈಹಾಕಿದರೆ ಎಲ್ಲಿ ಏನಿತ್ತೆಂದು ಆಮೇಲೆ ತಿಳಿಯುವುದಿಲ್ಲ ಎನ್ನುತ್ತಿದ್ದೆ. ಭಾವನವರ ವಿಷಯದಲ್ಲಿ ಆ ಪಾಠ ನನಗೇ ಮರೆತುಹೋಯಿತು. ನಿಮ್ಮ ಮನೆಯಲ್ಲಿ ಇಂಥ ಚೀಟಿಯೊಂದು ಮೇಜಿನ ಮೇಲಿದ್ದರೆ, ಬೇಡ ಎನ್ನುವ ಮೊದಲು ಅದನ್ನು ಬರೆದವರ ಬಳಿಗೆ ಇನ್ನೊಮ್ಮೆ ಹೋಗಿ, ಏಕೆ ಎಂದು ಕೇಳಿ.