ಕಳೆದುಹೋದ ಹೂಜಿಗೆ ಹೊಣೆ ಯಾರು?

ಬೀದರಿನ ಕುಶಲಕರ್ಮಿಯೊಬ್ಬರು ನನಗೆ ಕಳುಹಿಸಿದ ಬಿದರಿ ಹೂಜಿ ದಾರಿಯಲ್ಲೇ ಕಾಣೆಯಾಯಿತು. ಕೊರಿಯರ್ ಸಂಸ್ಥೆ ಸಾಗಣೆ ಶುಲ್ಕವನ್ನಷ್ಟೇ ಹಿಂದಿರುಗಿಸಿತು; ರಸೀದಿಯಲ್ಲಿ ಮೌಲ್ಯ ನಮೂದಾಗಿರಲಿಲ್ಲ. ಬೇಡವೆಂದರೂ ಆ ಕುಶಲಕರ್ಮಿ ನನ್ನ ಹಣವನ್ನು ಮರಳಿಸಿದರು. ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ದಿನಗಟ್ಟಲೆ ದುಡಿಮೆಯ ನಷ್ಟ ಹೀಗೆ ಅವರ ತಲೆಯ ಮೇಲೆಯೇ ಬಿತ್ತು.

ಅಂಚೆಯ ಮಾತೂ ಬೇರೆಯಲ್ಲ. 1898ರ ಕಾಯಿದೆಯಲ್ಲಿದ್ದ ಹೊಣೆಮುಕ್ತಿಯನ್ನು, ನಿಯಮಗಳು ವಿಧಿಸಿದಷ್ಟನ್ನು ಬಿಟ್ಟು, 2023ರ ಅಂಚೆ ಕಚೇರಿ ಕಾಯಿದೆಯೂ ಉಳಿಸಿಕೊಂಡಿದೆ. ವಿಮೆ ಮಾಡಿಸಿದ ವಸ್ತುವಿಗೆ ಪರಿಹಾರವುಂಟು. ಆದರೆ ಆ ಮಾತನ್ನು ಕೌಂಟರಿನಲ್ಲಿ ತಿಳಿಸುವವರು ವಿರಳ.

ನಷ್ಟವನ್ನು ತಡೆಯಬಲ್ಲವರೇ ಅದನ್ನು ಹೊರಬೇಕೆಂಬುದು ಅರ್ಥಶಾಸ್ತ್ರದ ಸರಳ ನ್ಯಾಯ. ವಸ್ತುವಿನ ಮೌಲ್ಯ ಕೇಳಿ ಬರೆದುಕೊಳ್ಳುವುದು, ವಿಮೆಯ ಅವಕಾಶ ತಿಳಿಸುವುದು ಸಾಗಿಸುವವರಿಗೆ ಕಡ್ಡಾಯವಾಗಲಿ. ಅಲ್ಲಿಯವರೆಗೆ ವಿಮೆಯ ಹಣವನ್ನು ಕೊಳ್ಳುವ ನಾವೇ ಕೊಡುವುದು ಮೇಲು.